ಒಡಪಿನಲ್ಲಿ ಬಂದ ಹೆಸರು

“ಮೇಡಂ, ದಯವಿಟ್ಟು ಕೂತ್ಕೊಳ್ಳಿ. ಪ್ರಶ್ನೆ ಏನಿದ್ರೂ ಕೊನೇಲಿ.”

ಮೈಕಿನಲ್ಲಿ ಬಂದ ಆ ಮಾತಿಗೆ ಇಡೀ ಸಭೆ ಹಿಂದಕ್ಕೆ ತಿರುಗಿ ನೋಡಿತು.

ಹೆಂಗಸರ ಸಾಲಿನಲ್ಲಿ ಎದ್ದು ನಿಂತಿದ್ದವಳು ಶಿವಲೀಲಾ. ಅವಳ ಮುಖ ಕೆಂಪಗಾಯಿತು. ಪಕ್ಕದಲ್ಲಿದ್ದ ತಾಯಿ ಚಂದ್ರವ್ವ ಸೆರಗು ಹಿಡಿದು ಜಗ್ಗಿದಳು. ಬೇರೆ ದಾರಿಯಿಲ್ಲದೆ ಶಿವಲೀಲಾ ಕೂತಳು.

‘ಇಷ್ಟು ಮಂದಿ ಮುಂದ ನನಗ ಕೂಡು ಅಂತಾನಲ್ಲ... ಯಾರಿವಾ?’

ಯಾರು ಅಂತೀರಾ? ಮುನಿಕೃಷ್ಣ. ಮತ್ತಿಕೆರೆಯ ಹಳೇ ಊರಿನ ಹುಡುಗ. ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ‘ಮಾತುಕತೆ ಬಳಗ’ದ ಕಾರ್ಯದರ್ಶಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಮತ್ತಿಕೆರೆಯಲ್ಲಿ ಆಗಿನ್ನೂ ಸೀಬೆ ತೋಟಗಳಿದ್ದವು. ಯಶವಂತಪುರ ಸ್ಟೇಷನ್ನಿನ ರೈಲಿನ ಕೂಗು ಮನೆಮನೆಗೂ ಕೇಳಿಸುತ್ತಿತ್ತು. ಟೀವಿ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾಗಿ ತಿಂಗಳಿಗೊಂದು ಭಾನುವಾರ ಸಂಜೆ ಪ್ರೈಮರಿ ಶಾಲೆಯ ಹಾಲಿನಲ್ಲಿ ಜಮಖಾನ ಹಾಸಿದರೆ ಜನ ತಾವಾಗಿಯೇ ಬರುತ್ತಿದ್ದರು. ಒಂದು ತಿಂಗಳು ಯಲಹಂಕ ಸೀಮೆಯ ವೀರಗಲ್ಲುಗಳ ಬಗ್ಗೆ ಮಾತು, ಇನ್ನೊಂದು ತಿಂಗಳು ತೊಗಲುಗೊಂಬೆ, ಮತ್ತೊಂದು ತಿಂಗಳು ಕೆರೆ ಕಟ್ಟಿಸಿದವರ ಕಥೆ. ತಲೆಗೆ ರುಮಾಲು ಸುತ್ತಿದ ರೈತರು ಒಂದು ಕಡೆ, ಪ್ಯಾಂಟು ಹಾಕಿದ ಕಾರ್ಖಾನೆ ನೌಕರರು ಒಂದು ಕಡೆ. ಎಂಥ ಚೆಂದದ ಸಂಜೆಗಳವು!

ಆ ದಿನದ ವಿಷಯ ಹೆಂಗಸರ ಹಾಡು. ಎಲ್ಲಿಂದಲೋ ಬಂದಿದ್ದ ಮೇಷ್ಟ್ರೊಬ್ಬರು, ನಮ್ಮ ನಾಡಿನ ಯಾವ ಹೆಣ್ಣೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ ಎಂದುಬಿಟ್ಟರು. ಗದಗದಲ್ಲಿ ಹುಟ್ಟಿ ಬೆಳೆದು, ಹತ್ತು ವರ್ಷದಿಂದ ಮತ್ತಿಕೆರೆಯಲ್ಲಿರುವ ಶಿವಲೀಲಾಗೆ ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ. ನಮ್ಮ ಕಡೆ ಹೇಳುತ್ತಾರೆ ಎನ್ನಲು ಎದ್ದಿದ್ದಳು, ಅಷ್ಟೇ.

ಕೊನೆಯಲ್ಲಾದರೂ ಕೇಳೋಣವೆಂದರೆ, ವಂದನಾರ್ಪಣೆಗೆ ಮೊದಲೇ ಕರೆಂಟು ಹೋಯಿತು. ಮೇಷ್ಟ್ರನ್ನು ಬಸ್ಸು ಹತ್ತಿಸುವ ಗಡಿಬಿಡಿಯಲ್ಲಿ ಪ್ರಶ್ನೆಗಳ ಸಮಯ ಬರಲೇ ಇಲ್ಲ.

‘ಇನ್ನ ಈ ಕಡೆ ಹಾಯಂಗಿಲ್ಲ ನಾನು’ ಎಂದು ಬೈದುಕೊಳ್ಳುತ್ತಲೇ ಅವಳು ಮನೆ ಸೇರಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವರ ವಠಾರದ ಬಾಗಿಲಲ್ಲಿ ಸೈಕಲ್ ನಿಂತಿತು. ಶಿವಲೀಲಾಳ ತಂದೆ ಮುರಿಗೆಪ್ಪನವರೂ ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಮುನಿಕೃಷ್ಣನನ್ನು ಕಂಡು ಒಳಗೆ ಕರೆದರು. ಅವನು ಕುರ್ಚಿಯ ತುದಿಯಲ್ಲಿ ಕೂತು, ತಲೆ ತಗ್ಗಿಸಿಕೊಂಡೇ ಅವಳಿಗೆ ಹೇಳಿದ.

“ಅವತ್ತು ಕೂತ್ಕೊಳ್ಳಿ ಅಂದೋನು ನಾನೇ. ಈಗ ನಿಂತ್ಕೊಂಡು ಮಾತಾಡ್ಬೇಕು ಅಂತ ಕೇಳೋಕ್ ಬಂದಿದೀನಿ.”

ಶಿವಲೀಲಾ ಸಿಟ್ಟಿನಿಂದ ಏನೋ ಹೇಳಲು ಹೋದವಳು ಅವನ ಮುಖ ನೋಡಿ ನಕ್ಕುಬಿಟ್ಟಳು. ಅಡುಗೆಮನೆಯಲ್ಲಿ ಚಂದ್ರವ್ವನೂ ನಕ್ಕಿದ್ದು ಕೇಳಿಸಿತು. ಯುಗಾದಿ ಮುಗಿದ ಮೇಲಿನ ಭಾನುವಾರ ‘ಒಡಪು’ ಎಂಬ ವಿಷಯದ ಮೇಲೆ ಕುಮಾರಿ ಶಿವಲೀಲಾ ಮಾತನಾಡುವುದು ಎಂದು ನಿಕ್ಕಿಯಾಯಿತು.

ಒಡಪು ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಅವಳೇ ಹೇಳಿಕೊಟ್ಟಳು. ಮದುಮಗಳು ಮನೆ ತುಂಬುವಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಬರೀ ಹೆಸರು ಹೇಳಲು ನಾಚಿಕೆಯಲ್ಲವೇ? ಅದಕ್ಕೇ ಎರಡು ಮೂರು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಅದೇ ಒಡಪು.

ಮುನಿಕೃಷ್ಣ ಬೆರಗಾಗಿ ಕೇಳಿದ. ತನ್ನ ಅಜ್ಜಿ ಹೀಗೆ ಒಮ್ಮೆಯೂ ಹೇಳಿದ್ದನ್ನು ಕೇಳಿಲ್ಲವೆಂದ. ಈ ಕಡೆಯ ಪದ್ಧತಿಯನ್ನೂ ಮಾತಿನಲ್ಲಿ ಸೇರಿಸಿದರೆ ಚೆನ್ನಾಗಿರುತ್ತದೆಂದು ಅವಳನ್ನು ಅಜ್ಜಿ ದೊಡ್ಡಮುನಿಯಮ್ಮನ ಹತ್ತಿರ ಕರೆದುಕೊಂಡು ಹೋದ. ಚಂದ್ರವ್ವನೂ ಜೊತೆಗೆ ಹೋದಳೆನ್ನಿ, ಕಾಲ ಅಂಥದ್ದು. ಹಿಂದೊಮ್ಮೆ ಅಜ್ಜಿಯ ಬಾವಿಯಿಂದ ನೀರು ತಂದಿದ್ದ ನೆನಪೂ ಅವಳಿಗಿತ್ತು.

ಅಜ್ಜಿ ಬಾಯಿತುಂಬ ಸೋಬಾನೆ ಹಾಡಿದಳು. ಗಂಡನ ಹೆಸರು ಕೇಳಿದರೆ ಮಾತ್ರ ಎಲೆಅಡಿಕೆಯ ಬಾಯಿಗೆ ಕೈ ಅಡ್ಡ ಹಿಡಿದಳು.

“ಎಸ್ರು ಏಳುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಿದ್ರು ಕಣವ್ವ. ನಮ್ಮೋರು ಓಗಿ ಎಷ್ಟೋ ವರ್ಸ ಆಯ್ತು. ಆದ್ರೂ ಬಾಯಿಗ್ ಬರಾಕಿಲ್ಲ.”

ಆಮೇಲೆ ಅವನು ವಠಾರಕ್ಕೆ ಬರಲು ನೆಪಗಳಿಗೇನೂ ಕೊರತೆಯಾಗಲಿಲ್ಲ. ಹ್ಯಾಂಡ್‌ಬಿಲ್ ತೋರಿಸಬೇಕು, ಮೈಕು ಎಷ್ಟು ಎತ್ತರಕ್ಕಿರಬೇಕೆಂದು ಕೇಳಬೇಕು. ಯಾವುದೂ ಇಲ್ಲದ ದಿನ ಅಜ್ಜಿಗೆ ಇನ್ನೊಂದು ಹಾಡು ನೆನಪಾಗಿದೆ ಎನ್ನುವ ನೆಪ. ಚಂದ್ರವ್ವ ಚಹಾ ಕೊಡುತ್ತಾ ಗದಗದ ಸುದ್ದಿ ಹೇಳುತ್ತಿದ್ದಳು. ನಮ್ಮ ಗುರುಪಾದಪ್ಪ ಹಾಗೆ, ನಮ್ಮ ಗುರುಪಾದಪ್ಪ ಹೀಗೆ ಎಂದು ತನ್ನ ತಮ್ಮನನ್ನು ಹೊಗಳುತ್ತಿದ್ದಳು. ಮುನಿಕೃಷ್ಣನ ಕಿವಿ ಅಲ್ಲಿದ್ದರೂ ಕಣ್ಣು ಬೇರೆ ಕಡೆ ಇರುತ್ತಿತ್ತು.

ಒಂದು ಸಂಜೆ ಶಿವಲೀಲಾ ಕೇಳಿದಳು. ಎಲ್ಲರ ಕೈಯಲ್ಲಿ ಮಾತಾಡಿಸುತ್ತೀರಿ, ನೀವು ಯಾವಾಗ ಮಾತಾಡುವುದು?

“ನಂಗೆ ಅತಿಥಿಗಳ ಪರಿಚಯ ಮಾಡ್ಕೊಡೋದು ಗೊತ್ತು, ವಂದನಾರ್ಪಣೆ ಗೊತ್ತು. ಮಧ್ಯದ್ದು ಬರಲ್ಲ” ಎಂದು ಅವನು ನಕ್ಕ.

ಆ ರಾತ್ರಿ ಶಿವಲೀಲಾಗೆ ನಿದ್ದೆ ಹತ್ತಲಿಲ್ಲ. ‘ಇವನ ಹೆಸರನ್ನ ಒಡಪಿನ್ಯಾಗ ಹೆಂಗ ಕೂಡಿಸೂದು...’ ಎಂದು ಯೋಚಿಸುತ್ತಿರುವುದು ತನಗೇ ಗೊತ್ತಾಗಿ ಚಾದರ ತಲೆಯ ಮೇಲೆ ಎಳೆದುಕೊಂಡಳು. ಹೌದು, ಅವಳಿಗೆ ಪ್ರೀತಿಯಾಗಿತ್ತು. ಅದರಲ್ಲಿ ಮುಚ್ಚಿಡುವುದೇನಿದೆ?

ಯುಗಾದಿ ಕಳೆಯಿತು. ಆ ಭಾನುವಾರ ಹಾಲು ತುಂಬಿ, ಕಿಟಕಿಯ ಹೊರಗೂ ಜನ ನಿಂತಿದ್ದರು.

ಶಿವಲೀಲಾ ಚೆನ್ನಾಗಿ ಮಾತಾಡಿದಳು. ದೊಡ್ಡಮುನಿಯಮ್ಮನ ಹಾಡಿನಿಂದ ಶುರುಮಾಡಿ ಗದಗದ ಹೊಸ್ತಿಲಿನವರೆಗೆ ಬಂದಳು. ಒಡಪಿನಲ್ಲಿ ಹೆಣ್ಣು ಹೇಳುವುದು ತನ್ನವನ ಹೆಸರನ್ನು ಮಾತ್ರ, ಇನ್ನೊಬ್ಬರ ಗಂಡನ ಹೆಸರನ್ನು ಅಪ್ಪಿತಪ್ಪಿಯೂ ತರುವುದಿಲ್ಲ ಎಂದಳು. ಎಲ್ಲರೂ ಒಂದು ಒಡಪು ಹೇಳಿ ತೋರಿಸಬೇಕೆಂದು ಹಟ ಹಿಡಿದರು.

ಮದುವೆಯಾಗದವಳು ಯಾರ ಹೆಸರು ಹೇಳಬೇಕು? ಸ್ಟೇಜಿನ ಮೂಲೆಯಲ್ಲಿ ಮುನಿಕೃಷ್ಣ ನಿಂತಿದ್ದ. ನಾಲಿಗೆಯ ತುದಿಗೆ ಒಂದು ಹೆಸರು ಬಂದೇಬಿಟ್ಟಿತ್ತು. ಹೆದರಿ ಅದನ್ನು ನುಂಗಿಕೊಂಡು, ತನ್ನ ಅಕ್ಕ ರತ್ನಕ್ಕ ಮನೆ ತುಂಬುವಾಗ ಹೇಳಿದ ಒಡಪನ್ನೇ ಗಡಬಡಿಸಿ ಹೇಳಿದಳು.

“ಒಲಿ ಮ್ಯಾಲ ಹಾಲಿಟ್ಟು ಉಕ್ಕೂದು ಮರತೆ,
ಹೆಜ್ಜಿ ಸಪ್ಪಳ ಕೇಳಿ ಹೊರಗ ಬಂದು ನಿಂತೆ,
ಗುರುಪಾದಪ್ಪನವರ ಹೆಸರು ಹೇಳಾಕ ನನಗ್ಯಾಕ ಚಿಂತೆ!”

ಚಪ್ಪಾಳೆಯೋ ಚಪ್ಪಾಳೆ. ಶಿವಲೀಲಾ ನಾಚಿ ನೀರಾದಳು. ಅದು ಅಕ್ಕನ ಒಡಪು ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಗದಗದಲ್ಲಾದರೆ ಕೊರಳಲ್ಲಿ ತಾಳಿಯಿಲ್ಲ, ಕಾಲಲ್ಲಿ ಕಾಲುಂಗುರವಿಲ್ಲ ಎಂದು ನೋಡಿಯೇ ಇದು ಬೇರೆಯವರ ಒಡಪೆಂದು ಜನ ಅರ್ಥಮಾಡಿಕೊಳ್ಳುತ್ತಿದ್ದರು.

ಮುನಿಕೃಷ್ಣ ನೋಡಿದ್ದು ಅವಳ ಕೆಂಪೇರಿದ ಮುಖವನ್ನು ಮಾತ್ರ. ಗುರುಪಾದಪ್ಪ ಎಂದರೆ ಚಂದ್ರವ್ವ ದಿನವೂ ಹೊಗಳುವ ತಮ್ಮ, ಅಂದರೆ ಶಿವಲೀಲಾಳ ಸೋದರಮಾವ. ಆ ಕಡೆಯೂ ಸೋದರಮಾವನಿಗೆ ಹೆಣ್ಣು ಕೊಡುತ್ತಾರೆಂಬುದು ಅವನಿಗೂ ಗೊತ್ತಿತ್ತು. ತನ್ನವನ ಹೆಸರನ್ನು ಮಾತ್ರ ಹೇಳುತ್ತಾಳೆ ಎಂದು ಈಗ ತಾನೇ ಅವಳೇ ಹೇಳಿದಳಲ್ಲ. ಅವನಿಗೇ ನಿಶ್ಚಯವಾಗಿರಬೇಕು, ಇನ್ನು ಕೇಳುವುದೇನಿದೆ?

ಅವನು ವಂದನಾರ್ಪಣೆಗೆ ಬಂದ. ಅಧ್ಯಕ್ಷರಿಗೆ ವಂದಿಸಿದ, ಮೈಕು ಕೊಟ್ಟ ಶಿವಶರಣಪ್ಪನವರಿಗೆ ವಂದಿಸಿದ, ಜಮಖಾನ ಹಾಸಿದವರಿಗೂ ವಂದಿಸಿದ. ಒಂದು ಗಂಟೆ ಮಾತಾಡಿದ ಶಿವಲೀಲಾಳ ಹೆಸರನ್ನು ಮಾತ್ರ ಎತ್ತಲೇ ಇಲ್ಲ. ಮೈಕು ಆರಿಸಿ ಹಿಂಬಾಗಿಲಿಂದ ಹೊರಟುಹೋದ.

ಅವಳು ಕೈಯಲ್ಲಿ ಸನ್ಮಾನದ ನಿಂಬೆಹಣ್ಣು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಅಳು ತಡೆದುಕೊಂಡಳು. ‘ನನ್ನಿಂದ ಏನು ತಪ್ಪಾತು? ಕೆಲಸ ಮುಗೀತು, ಇನ್ನ ನಾ ಯಾರೋ ಅವಾ ಯಾರೋ ಅಂತನ?’

ಅವನು ಮತ್ತೆ ವಠಾರದ ಕಡೆ ಬರಲಿಲ್ಲ. ಎದುರಿಗೆ ಸಿಕ್ಕರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದ. ಅವಳಿಗೂ ಹಟವಿತ್ತು. ತಾನಾಗಿ ಮಾತಾಡಿಸಬಾರದೆಂದು ತೀರ್ಮಾನಿಸಿದಳು.

ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಗದಗಕ್ಕೆ ಹೋದರು. ಚಿಕ್ಕಪ್ಪನ ಮಗಳ ಮದುವೆಯಿತ್ತು. ಶಿವಲೀಲಾ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಾಲೆಯಲ್ಲೂ, ವಠಾರದಲ್ಲೂ, ಮದುವೆಗೆ ಹೋಗಿದ್ದಾರೆ ಎಂದಷ್ಟೇ ಹೇಳುತ್ತಿದ್ದರು. ಯಾರ ಮದುವೆ ಎಂದು ಮುನಿಕೃಷ್ಣ ಕೇಳಲಿಲ್ಲ. ಕೇಳುವುದು ಬೇಡವೆನ್ನಿಸಿತ್ತು. ಅವಳು ಮತ್ತೆ ಅವನ ಕಣ್ಣಿಗೆ ಬಿದ್ದಾಗ ಆಷಾಢ ಹಿಡಿದಿತ್ತು. ಮೈಮೇಲೆ ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬಂದಿದ್ದಾಳೆ ಎಂದುಕೊಂಡು ಅವನು ಬಸ್ ಸ್ಟಾಪಿನ ಮರೆಯಲ್ಲಿ ನಿಂತುಬಿಟ್ಟ.

ನೋಡಿ, ಎರಡೂ ಕಡೆಯ ಪದ್ಧತಿಗಳು ಸೇರಿ ಆ ಹುಡುಗನಿಗೆ ಎಂಥ ಬಲೆ ಹೆಣೆದವು!

ಇತ್ತ ಶಿವಲೀಲಾಳ ಪಾಡೇ ಬೇರೆ. ಆ ಮದುವೆಯಲ್ಲಿ ಹುಬ್ಬಳ್ಳಿಯ ಬ್ಯಾಂಕಿನ ಹುಡುಗನ ಕಡೆಯವರು ಅವಳನ್ನು ಮೆಚ್ಚಿಕೊಂಡಿದ್ದರು. ಶ್ರಾವಣ ಮುಗಿಯುವುದರೊಳಗೆ ಮಾತು ಕೊಡಬೇಕೆಂದಿದ್ದರು. ಮುರಿಗೆಪ್ಪನವರಿಗೆ ಮನಸ್ಸಿತ್ತು. ಅವಳು ಏನಾದರೊಂದು ಹೇಳಿ ಮುಂದೂಡುತ್ತಿದ್ದಳು. ಯಾರಿಗಾಗಿ ಮುಂದೂಡುತ್ತಿದ್ದಾಳೋ ಆ ಮನುಷ್ಯ ಮುಖ ತೋರಿಸುತ್ತಿರಲಿಲ್ಲ.

ಶ್ರಾವಣದ ಒಂದು ಶನಿವಾರ. ಈ ಸಂಬಂಧದ ಮಾತಿಗೆಂದೇ ಗದಗದಿಂದ ರತ್ನಕ್ಕ ಮತ್ತು ಅವಳ ಗಂಡ ಗುರುಪಾದಪ್ಪ ಬಂದಿದ್ದರು. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರಲ್ಲ, ಆ ಗುರುಪಾದಪ್ಪ. ಅಂಚೆಯಲ್ಲಿ ಬಳಗದ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಬಂತು. ವರ್ಷವಿಡೀ ಉಪನ್ಯಾಸ ಕೊಟ್ಟವರಿಗೆಲ್ಲ ಅಂದು ಗೌರವ. ಗುರುಪಾದಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಾ ಹೋದವನು ಒಂದು ಕಡೆ ನಿಂತ. ಮತ್ತೆ ಓದಿದ.

‘ಶ್ರೀಮತಿ ಶಿವಲೀಲಾ ಗುರುಪಾದಪ್ಪ.’

ಗುರುಪಾದಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ರತ್ನಾ, ನಿನಗ ಸವತಿ ಬಂದಾಳ ನೋಡ. ನನಗೂ ಹೇಳಲಾರದ ತಂದಾರ!”

ಮುರಿಗೆಪ್ಪನವರು ನಗಲಿಲ್ಲ. ಇದು ಹುಬ್ಬಳ್ಳಿಯವರ ಕೈಗೆ ಸಿಕ್ಕರೆ ಮಗಳ ಹೆಸರೇನಾಗಬೇಕೆಂದು ಕೂಗಾಡಿದರು. ಉಳಿದ ಪತ್ರಿಕೆಗಳು ಹಂಚಿಹೋಗುವ ಮೊದಲು ಅವನನ್ನು ಹಿಡಿಯಬೇಕೆಂದು ಪತ್ರಿಕೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. ಶಿವಲೀಲಾ ಅಪ್ಪನ ಕೈಯಿಂದ ಪತ್ರಿಕೆ ಕಸಿದುಕೊಂಡಳು. ಇದು ತನ್ನ ಹೆಸರು, ತಾನೇ ಕೇಳಿ ಬರುತ್ತೇನೆ ಎಂದಳು. ರತ್ನಕ್ಕ ಅವಳ ಹಿಂದೆ ಓಡಿದಳು.

ಮುನಿಕೃಷ್ಣ ಮನೆಯ ಜಗಲಿಯ ಮೇಲೆ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ವಿಳಾಸ ಬರೆಯುತ್ತಿದ್ದ. ಅಜ್ಜಿ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಶಿವಲೀಲಾ ಬಂದು ಅವನ ಎದುರಿಗೆ ನಿಂತಳು.

“ಯಾರನ್ನ ಕೇಳಿ ನನ್ನ ಮದವಿ ಮಾಡೀರಿ?”

ಅವನು ಎದ್ದು ನಿಂತ. ಏನೂ ಅರ್ಥವಾಗಲಿಲ್ಲ.

“ಇಕಿ ರತ್ನಕ್ಕ, ನಮ್ಮಕ್ಕ. ಗುರುಪಾದಪ್ಪನವರ ಹೆಂಡ್ತಿ. ಅವತ್ತು ನಾ ಹೇಳಿದ್ದು ಇಕಿ ಒಡಪು.”

ಮುನಿಕೃಷ್ಣ ಪತ್ರಿಕೆಯನ್ನೊಮ್ಮೆ, ರತ್ನಕ್ಕನನ್ನೊಮ್ಮೆ ನೋಡಿದ. ತಡವರಿಸುತ್ತಾ ಎಲ್ಲ ಹೇಳಿದ. ತನ್ನವನ ಹೆಸರನ್ನು ಮಾತ್ರ ಹೇಳುತ್ತಾಳೆ ಎಂದು ಅವಳೇ ಅಂದದ್ದು, ಗದಗದ ಮದುವೆ, ಆಷಾಢ, ಹಸಿರು ಬಳೆ. ಅವನು ಹೇಳುತ್ತಾ ಹೋದಂತೆ ಶಿವಲೀಲಾಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನು ತಡೆಯಬೇಕೆಂದು ತಿಳಿಯಲಿಲ್ಲ.

“ಒಂದ್ ಮಾತ ಕೇಳಾಕ ಆಗಲಿಲ್ಲೇನ್ರಿ ನಿಮಗ?”

“ಕೇಳಿದ್ರೆ ನೀವು ಹೌದು ಅಂದ್ಬಿಡ್ತೀರ ಅಂತ ಭಯ ಆಯ್ತು.”

“ಮತ್ತ ಅವತ್ತು ಎಲ್ಲಾರಿಗೂ ವಂದನಾ ಹೇಳಿದ್ರಿ. ನನ್ನೊಬ್ಬಾಕಿನ್ನ ಬಿಟ್ರಿ.”

“ಬಿಡ್ಲಿಲ್ಲ. ನಿಮ್ಮ ಹೆಸರಿಗೆ ಬಂದೆ... ಹೇಳಿದ್ರೆ ಮೈಕಿನ ಮುಂದೆ ಅತ್ತುಬಿಡ್ತಿದ್ದೆ.”

ರತ್ನಕ್ಕ ಅಜ್ಜಿಯ ಪಕ್ಕದಲ್ಲಿ ಕೂತು, ಮೊರದಲ್ಲಿ ಕಲ್ಲು ಆರಿಸುವ ಹಾಗೆ ನಟಿಸುತ್ತಿದ್ದಳು. ಶಿವಲೀಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ‘ಈಗ ನಾ ಅತ್ಕೋತ ನಿಂತ್ರ ಇವಾ ಮತ್ತ ಸುಮ್ನಾಗ್ತಾನ.’

“ಶ್ರಾವಣ ಮುಗಿಯೂದ್ರಾಗ ಅಪ್ಪ ಹುಬ್ಬಳ್ಳಿ ಮಂದಿಗೆ ಮಾತು ಕೊಡ್ತಾರ. ನೀವು ಏನರ ಹೇಳೂದಿದ್ರ ನನ್ನ ಮುಂದಲ್ಲ, ಅಪ್ಪನ ಮುಂದ ಬಂದು ಹೇಳ್ರಿ. ಹೇಳೂದಿಲ್ಲ ಅಂದ್ರ ನಾ ಹುಬ್ಬಳ್ಳಿಗೆ ಹೋಗ್ತೀನಿ.”

ಅಷ್ಟು ಹೇಳಿ ಅಕ್ಕನ ಕೈ ಹಿಡಿದು ಹೊರಟುಬಿಟ್ಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಬರುತ್ತಾನೋ ಇಲ್ಲವೋ? ಬಾರದಿದ್ದರೆ?

ಬಂದ. ಕಟ್ಟಿನಲ್ಲಿದ್ದ ಪತ್ರಿಕೆಗಳನ್ನೆಲ್ಲ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ. ಮುರಿಗೆಪ್ಪನವರ ಕಾಲಿಗೆ ಬಿದ್ದು ಕ್ಷಮೆ ಕೇಳಿದ. ಹಂಚಿಹೋದ ನಾಲ್ಕಾರು ಪತ್ರಿಕೆಗಳನ್ನು ತಾನೇ ಮನೆಮನೆಗೆ ಹೋಗಿ ಸರಿಮಾಡುತ್ತೇನೆ ಎಂದ. ಗುರುಪಾದಪ್ಪನಿಗೂ ಕೈಮುಗಿದ. ಅವನಿಗೆ ಇನ್ನೂ ನಗು ನಿಂತಿರಲಿಲ್ಲ.

ಕ್ಷಮೆ ಕೇಳಿದ್ದಾಯಿತು, ಚಹಾ ಕುಡಿದಿದ್ದಾಯಿತು. ಮುನಿಕೃಷ್ಣ ಏಳಲಿಲ್ಲ. ಮುರಿಗೆಪ್ಪನವರು ಗಡಿಯಾರ ನೋಡಿದರು. ಬಾಗಿಲ ಮರೆಯಲ್ಲಿ ಶಿವಲೀಲಾ ನಿಂತು ಕೇಳುತ್ತಿದ್ದಳು.

“ಸಾರ್... ನಂಗೆ ಮಾತಾಡೋಕ್ ಬರಲ್ಲ. ಶಿವಲೀಲಾ ಅವರು ಬೇರೆಯೋರ ಹೆಂಡ್ತಿ ಅಂದ್ಕೊಂಡು ಇಷ್ಟು ತಿಂಗಳು ಹೆಂಗೆ ಬದುಕಿದೀನಿ ಅಂತ ನಂಗೇ ಗೊತ್ತಿಲ್ಲ. ನಮ್ಮ ಜಾತಿ ಬೇರೆ, ಊಟ ಬೇರೆ, ಎಲ್ಲಾ ಗೊತ್ತು ಸಾರ್. ಆದ್ರೂ ಕೇಳ್ತಿದೀನಿ. ಅವರನ್ನ ನಂಗೆ ಕೊಡ್ತೀರಾ?”

ಮುರಿಗೆಪ್ಪನವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಮಗಳನ್ನು ಕರೆದು ಏನವ್ವಾ ಎಂದು ಕೇಳಿದಾಗ ಅವರ ದನಿ ಬಹಳ ಸಣ್ಣಗಿತ್ತು.

“ಹುಬ್ಬಳ್ಳಿಗೆ ಮಾತು ಕೊಡಬ್ಯಾಡ್ರಿ, ಅಪ್ಪಾ” ಎಂದಳು ಶಿವಲೀಲಾ.

ಆಮೇಲೆ ಮಾತು ಬಿಸಿಯಾಯಿತು. ನಮ್ಮವರಿಗೆ ಏನು ಹೇಳಲಿ, ಗದಗದಲ್ಲಿ ಹೇಗೆ ಮುಖ ತೋರಿಸಲಿ ಎಂದು ಮುರಿಗೆಪ್ಪನವರು ಒಂದೇ ಸಮನೆ ಹೇಳಿದರು. ಎಲ್ಲವನ್ನೂ ಕೇಳಿಸಿಕೊಂಡ ಚಂದ್ರವ್ವ ಕೊನೆಗೆ ಅಡುಗೆಮನೆಯಿಂದ ಹೊರಗೆ ಬಂದಳು. ಈ ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ನಲ್ಲಿ ನಿಂತಾಗ, ನೀವು ಯಾವ ಜಾತಿ ಎಂದು ಕೇಳದೆ ಬಾವಿ ಬಿಟ್ಟುಕೊಟ್ಟವಳು ಈ ಹುಡುಗನ ಅಜ್ಜಿ, ಆಗ ಗದಗದವರು ಯಾರೂ ನೀರು ತರಲಿಲ್ಲ ಎಂದಳು. ಗುರುಪಾದಪ್ಪನೂ ದನಿಗೂಡಿಸಿದ. ನಮ್ಮ ಮಂದಿಗೆ ತಾನು ಹೇಳಿಕೊಳ್ಳುತ್ತೇನೆ, ಮಗಳನ್ನು ಅಳಿಸಿ ಮದುವೆ ಮಾಡುವುದು ಬೇಡ ಎಂದ.

ಮುರಿಗೆಪ್ಪನವರು ಬಹಳ ಹೊತ್ತಿನ ಮೇಲೆ ಎದ್ದರು. ಹುಬ್ಬಳ್ಳಿಗೆ ತಾವೇ ಬೇಡವೆಂದು ಬರೆಯುತ್ತೇನೆಂದರು. ಮುನಿಕೃಷ್ಣನ ಹೆಗಲ ಮೇಲೆ ಕೈಯಿಟ್ಟರು.

“ನಾಳೆ ನಿಮ್ಮ ಅಜ್ಜೀನ್ನ ಕರ್ಕೊಂಡ ಬಾ. ಹಿರೇರು ಕುಂತು ಮಾತಾಡೂಣು.”

ಹೊರಗೆ ಸಂಜೆಯ ಬಿಸಿಲಿತ್ತು. ಮುನಿಕೃಷ್ಣ ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿದ್ದ. ಶಿವಲೀಲಾ ವಠಾರದ ಗೇಟಿನವರೆಗೆ ಬಂದಳು. ಬೇಕೆಂದೇ ಯಾರೂ ಅವಳನ್ನು ಕರೆಯಲಿಲ್ಲ.

ಅವನು ಹಿಂದೆ ಕಟ್ಟಿದ್ದ ಪತ್ರಿಕೆಗಳ ಕಡೆ ಕೈ ತೋರಿಸಿದ.

“ಇವತ್ತೇ ಕೂತು ಒಂದೊಂದನ್ನೂ ಕೈಯಲ್ಲೇ ತಿದ್ತೀನಿ. ಶ್ರೀಮತಿ ಹೊಡೆದು ಕುಮಾರಿ ಅಂತ ಬರೀತೀನಿ. ಮುಂದಿನ ಹೆಸರೂ ತೆಗೀತೀನಿ.”

ಶಿವಲೀಲಾ ಒಂದು ಪತ್ರಿಕೆಯನ್ನು ಎಳೆದುಕೊಂಡು ನೋಡಿದಳು. ತಲೆ ಎತ್ತದೆಯೇ, ಮೆಲ್ಲಗೆ ಹೇಳಿದಳು.

“ಮಂದಿಗೆ ಹಂಚೂವನ್ನ ಹಂಗ ತಿದ್ರಿ. ಇದೊಂದು ನನ್ನ ಹತ್ರ ಇಟ್ಕೋತೀನಿ. ಇದರಾಗ ಶ್ರೀಮತಿ ಹೊಡೀಬ್ಯಾಡ್ರಿ... ಮುಂದಿನ ಹೆಸರಷ್ಟ ತಿದ್ದಿ ಕೊಡ್ರಿ.”

ಮುನಿಕೃಷ್ಣ ಅವಳನ್ನೇ ನೋಡಿದ. ಜೇಬಿನಿಂದ ಪೆನ್ನು ತೆಗೆದು, ಸೈಕಲ್ಲಿನ ಸೀಟಿನ ಮೇಲೆ ಪತ್ರಿಕೆಯಿಟ್ಟು, ಗುರುಪಾದಪ್ಪ ಎಂಬ ಹೆಸರಿನ ಮೇಲೆ ಒಂದು ಗೆರೆ ಎಳೆದ. ಅದರ ಪಕ್ಕದಲ್ಲಿ ತನ್ನ ಹೆಸರನ್ನು ಬರೆದ.

“ಸರಿಯಾಯ್ತಾ?”

“ಈಗ ಸರಿ ಆತು” ಎಂದಳು ಶಿವಲೀಲಾ.